ಲಿವರ್ ಕ್ಯಾನ್ಸರ್: ಆಪರೇಷನ್ ಆದ ಮೇಲೂ ಮತ್ತೆ ಬರುವುದೇಕೆ?

"ಅವರು ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಕಾಮಾಲೆ ಬಂದದ್ದೂ ಇಲ್ಲ. ಅಂಥವರಿಗೆ ಲಿವರ್ ಕ್ಯಾನ್ಸರ್ ಹೇಗೆ ಬಂತು?" ನಮ್ಮ ಮನೆಗಳಲ್ಲಿ ಈ ರೋಗದ ಹೆಸರು ಕೇಳಿದ ಕೂಡಲೇ ಏಳುವ ಮೊದಲ ಪ್ರಶ್ನೆ ಇದು. ಕೇಳುವವರು ಬಾಯಿಬಿಟ್ಟು ಹೇಳದಿದ್ದರೂ ಅದರೊಳಗೆ ಒಂದು ಸಂಶಯ ಅಡಗಿರುತ್ತದೆ: ಎಲ್ಲೋ ಗುಟ್ಟಾಗಿ ಕುಡಿಯುತ್ತಿದ್ದರೇನೋ! ರೋಗಿಗೆ ರೋಗದ ನೋವಿನ ಜೊತೆಗೆ ಈ ಅಪವಾದದ ಭಾರವೂ ಸೇರಿಕೊಳ್ಳುತ್ತದೆ. ಇದು ಅನ್ಯಾಯ. ಮದ್ಯ ಮುಟ್ಟದವರಿಗೂ, ಹೆಪಟೈಟಿಸ್ ವೈರಸ್ ತಗಲದವರಿಗೂ ಲಿವರ್ ಕ್ಯಾನ್ಸರ್ ಬರುತ್ತದೆ, ಮತ್ತು ಅಂಥವರ ಪಾಲು ಎಲ್ಲ ಕಡೆ ಏರುತ್ತಿದೆ.

ಎರಡನೆಯ ಪ್ರಶ್ನೆ ಆಪರೇಷನ್ ಆದ ಮೇಲೆ ಬರುವುದು. "ಗಡ್ಡೆ ಪೂರ್ತಿ ತೆಗೆದಿದ್ದಾರೆ. ಹೆಪಟೈಟಿಸ್ ಬಿ ಇಲ್ಲ, ಸಿ ಇಲ್ಲ ಎಂದು ರಿಪೋರ್ಟ್ ಇದೆ. ಇನ್ನು ಭಯವೇನು?" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಮೂರು ತಿಂಗಳಿಗೊಮ್ಮೆ ಬರಬೇಕೆಂದು ವೈದ್ಯರು ಹೇಳಿದ್ದನ್ನು ಒಂದೆರಡು ಸಲ ಪಾಲಿಸಿ, ಆಮೇಲೆ ಬಿಟ್ಟುಬಿಡುತ್ತಾರೆ. ಈ ಲೇಖನದಲ್ಲಿ ಹೆಚ್ಚಾಗಿ ಹೇಳಹೊರಟಿರುವುದು ಈ ಎರಡನೆಯ ಪ್ರಶ್ನೆಯ ಬಗ್ಗೆ.

ಮೊದಲು ಒಂದಿಷ್ಟು ಪರಿಚಯ. ಪಠ್ಯಪುಸ್ತಕಗಳು ಪಿತ್ತಜನಕಾಂಗ ಅಥವಾ ಯಕೃತ್ತು ಎಂದು ಕರೆಯುವ ಲಿವರ್ ನಮ್ಮ ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬಿನ ಕೆಳಗೆ ಇರುತ್ತದೆ. ಬೇರೆ ಅಂಗದ ಕ್ಯಾನ್ಸರ್ ಲಿವರಿಗೆ ಹರಡುವುದು ಒಂದು ವಿಷಯ, ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಬೇರೆಯೇ ವಿಷಯ. ಇಲ್ಲಿ ಹೇಳುತ್ತಿರುವುದು ಲಿವರಿನ ಸ್ವಂತ ಜೀವಕೋಶಗಳಿಂದ ಹುಟ್ಟುವ ಹೆಪಟೋಸೆಲ್ಯುಲರ್ ಕಾರ್ಸಿನೋಮದ ಕುರಿತು. ನಿಮ್ಮ ಫೈಲಿನಲ್ಲಿ ಎಚ್‌ಸಿಸಿ ಎಂದು ಬರೆದಿರುತ್ತಾರೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 8.66 ಲಕ್ಷ ಜನರಿಗೆ ಹೊಸದಾಗಿ ಲಿವರ್ ಕ್ಯಾನ್ಸರ್ ಪತ್ತೆಯಾಯಿತು, 7.58 ಲಕ್ಷ ಜನ ಅದರಿಂದ ತೀರಿಹೋದರು. ಈ ಎರಡು ಅಂಕಿಗಳ ನಡುವಿನ ಅಂತರ ಇಷ್ಟು ಕಡಿಮೆ ಇರುವುದೇ ರೋಗದ ಸ್ವಭಾವವನ್ನು ಹೇಳುತ್ತದೆ. ಬಹಳಷ್ಟು ಜನರಲ್ಲಿ ತಡವಾಗಿ ಪತ್ತೆಯಾಗುತ್ತದೆ. ಆಪರೇಷನ್ ಮಾಡುವ ಹಂತದಲ್ಲಿ ಸಿಕ್ಕವರು ಆ ಮಟ್ಟಿಗೆ ಅದೃಷ್ಟವಂತರು.

ಲಿವರಿಗೆ ಮತ್ತೆ ಬೆಳೆಯುವ ಶಕ್ತಿ ಇದೆ. ಆರೋಗ್ಯವಂತ ಲಿವರಿನಲ್ಲಿ ಮೂರನೇ ಎರಡು ಪಾಲನ್ನೇ ಕತ್ತರಿಸಿ ತೆಗೆದರೂ ಉಳಿದ ಭಾಗ ಕೆಲವು ತಿಂಗಳಲ್ಲಿ ಬೆಳೆದು ಕೆಲಸ ನಿಭಾಯಿಸುತ್ತದೆ. ಗಟ್ಟಿಯಾಗಿ ಸಿರೋಸಿಸ್ ಆಗಿರುವ ಲಿವರಿನಲ್ಲಿ ಹಾಗಲ್ಲ, ಕನಿಷ್ಠ ಶೇ. 40ರಷ್ಟಾದರೂ ಉಳಿಸಲೇಬೇಕು. ಹೀಗಾಗಿಯೇ ಗಡ್ಡೆ ಚಿಕ್ಕದಿದ್ದರೂ ಕೆಲವರಿಗೆ "ಆಪರೇಷನ್ ಸಾಧ್ಯವಿಲ್ಲ" ಎನ್ನುತ್ತಾರೆ, ದೊಡ್ಡದಿದ್ದರೂ ಕೆಲವರಿಗೆ ಮಾಡುತ್ತಾರೆ.

ಆಪರೇಷನ್ ಚೆನ್ನಾಗಿ ಆದರೂ ಐದು ವರ್ಷದೊಳಗೆ ಶೇ. 50ರಿಂದ 70ರಷ್ಟು ಜನರಲ್ಲಿ ಕ್ಯಾನ್ಸರ್ ಮತ್ತೆ ಕಾಣಿಸಿಕೊಳ್ಳುತ್ತದೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಮತ್ತೆ ಬಂದದ್ದು ಚಿಕ್ಕದಿರುವಾಗಲೇ ಸಿಕ್ಕರೆ ಮತ್ತೆ ಚಿಕಿತ್ಸೆ ಇದೆ, ಗುಣವಾಗುವ ಅವಕಾಶವೂ ಇದೆ. ತಪಾಸಣೆಗೆ ಹೋಗುವುದನ್ನು ಬಿಟ್ಟವರಿಗೆ ಆ ಅವಕಾಶ ಕೈತಪ್ಪುತ್ತದೆ.

ಕಳೆಯ ಬೇರು, ನೆಲದ ಬೀಜ

ಹೊಲದಲ್ಲಿ ಕಳೆ ಕಿತ್ತ ಮೇಲೆ ಅದು ಮತ್ತೆ ಏಳುವುದಕ್ಕೆ ಎರಡು ದಾರಿ. ಕಿತ್ತ ಕಳೆಯದೇ ಬೇರಿನ ತುಂಡು ಮಣ್ಣಲ್ಲಿ ಉಳಿದು ಚಿಗುರುವುದು ಒಂದು. ಹಳೆಯದು ಪೂರ್ತಿ ಹೋದರೂ ಆ ನೆಲವೇ ಕಳೆಗೆ ಹದವಾಗಿದ್ದು ಹೊಸ ಬೀಜ ಮೊಳೆಯುವುದು ಇನ್ನೊಂದು. ಲಿವರ್ ಕ್ಯಾನ್ಸರ್ ಮರುಕಳಿಸುವುದೂ ಹೀಗೆಯೇ. ಆಪರೇಷನ್ ಆದ ಎರಡು ವರ್ಷದೊಳಗೆ ಬರುವುದು ಬಹುಮಟ್ಟಿಗೆ ಹಳೆಯ ಗಡ್ಡೆಯಿಂದ ಮೊದಲೇ ಜಾರಿಹೋಗಿದ್ದ, ಯಾವ ಸ್ಕ್ಯಾನಿಗೂ ಕಾಣದಷ್ಟು ಸಣ್ಣ ಕಣಗಳಿಂದ. ಎರಡು ವರ್ಷ ದಾಟಿದ ಮೇಲೆ ಬರುವುದು ಹೆಚ್ಚಾಗಿ ಉಳಿದ ಲಿವರಿನಲ್ಲಿ ಹೊಸದಾಗಿ ಹುಟ್ಟಿದ ಕ್ಯಾನ್ಸರ್. ಎರಡು ವರ್ಷ ಎಂಬ ಗೆರೆ ವೈದ್ಯರು ಲೆಕ್ಕದ ಅನುಕೂಲಕ್ಕೆ ಹಾಕಿಕೊಂಡದ್ದು, ಕಟ್ಟುನಿಟ್ಟಿನದಲ್ಲ. ಆದರೂ ಈ ವಿಂಗಡಣೆ ರೋಗಿಯ ಮನೆಯವರಿಗೆ ಬಹಳ ಉಪಯೋಗದ್ದು. ಮೊದಲನೆಯದರಲ್ಲಿ ನಮ್ಮ ಕೈಯಲ್ಲಿರುವುದು ಕಡಿಮೆ, ಎರಡನೆಯದರಲ್ಲಿ ಸಾಕಷ್ಟಿದೆ.

ಬೇಗ ಮರುಕಳಿಸುವುದನ್ನು ನಿರ್ಧರಿಸುವುದು ಗಡ್ಡೆಯ ಗುಣ. ಗಾತ್ರ 5 ಸೆಂಟಿಮೀಟರಿಗಿಂತ ದೊಡ್ಡದಿತ್ತೇ, ಒಂದೇ ಇತ್ತೇ ಅಥವಾ ಎರಡು ಮೂರು ಇದ್ದವೇ, ಪಕ್ಕದಲ್ಲಿ ಮರಿಗಡ್ಡೆಗಳಿದ್ದವೇ, ಕಣಗಳು ತೀರಾ ಒರಟಾಗಿ ಬದಲಾಗಿದ್ದವೇ, ಆಪರೇಷನ್ನಿಗೆ ಮುಂಚೆ ರಕ್ತದಲ್ಲಿ ಎಎಫ್‌ಪಿ ಎಂಬ ಅಂಶ ಎಷ್ಟಿತ್ತು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಗಡ್ಡೆಯ ಸುತ್ತಲಿನ ಕಿರು ರಕ್ತನಾಳಗಳ ಒಳಗೆ ಕ್ಯಾನ್ಸರ್ ಕಣಗಳು ನುಗ್ಗಿದ್ದವೇ ಎಂಬುದು. ವೈದ್ಯರ ಭಾಷೆಯಲ್ಲಿ ಮೈಕ್ರೋವ್ಯಾಸ್ಕ್ಯುಲರ್ ಇನ್ವೇಷನ್, ಚುಟುಕಾಗಿ ಎಂವಿಐ. ಇದು ಸ್ಕ್ಯಾನಿನಲ್ಲಿ ಖಚಿತವಾಗಿ ತಿಳಿಯುವುದಿಲ್ಲ. ತೆಗೆದ ಭಾಗವನ್ನು ಪೆಥಾಲಜಿ ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಗೊತ್ತಾಗುವುದು.

ಹೀಗಾಗಿ ಆಪರೇಷನ್ ಆದ ಒಂದೆರಡು ವಾರದಲ್ಲಿ ಬರುವ ಬಯಾಪ್ಸಿ ವರದಿಯನ್ನು ದಯವಿಟ್ಟು ಕೇಳಿ ಪಡೆಯಿರಿ. ಅನೇಕರು ಡಿಸ್ಚಾರ್ಜ್ ಸಮ್ಮರಿ ಇಸಿದುಕೊಂಡು ಮನೆಗೆ ಹೋಗುತ್ತಾರೆ, ಆ ವರದಿ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಅದರಲ್ಲಿ ನಾಲ್ಕು ಸಂಗತಿಗಳನ್ನು ವೈದ್ಯರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ: ಗಡ್ಡೆಯ ಅಳತೆ ಮತ್ತು ಸಂಖ್ಯೆ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇತ್ತೇ ಇಲ್ಲವೇ, ಎಂವಿಐ ಇತ್ತೇ, ಮತ್ತು ಗಡ್ಡೆಯ ಹೊರಗಿನ ಲಿವರ್ ಹೇಗಿತ್ತು. ಈ ನಾಲ್ಕನೆಯದನ್ನು ಕೇಳುವವರೇ ಇಲ್ಲ. ಮುಂದಿನ ಹತ್ತು ವರ್ಷದ ಭವಿಷ್ಯವನ್ನು ಹೆಚ್ಚು ಹೇಳುವುದು ಅದೇ.

ವೈರಸ್ ಇಲ್ಲದವರ ವಿಷಯದಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇದೆ. ಹೆಪಟೈಟಿಸ್ ಬಿ ಇದೆ ಎಂದು ಗೊತ್ತಿರುವವರನ್ನು ವೈದ್ಯರು ಆರು ತಿಂಗಳಿಗೊಮ್ಮೆ ಕರೆಸಿ ಸ್ಕ್ಯಾನ್ ಮಾಡಿಸುತ್ತಾರೆ, ಆದ್ದರಿಂದ ಗಡ್ಡೆ ಚಿಕ್ಕದಿರುವಾಗ ಸಿಗುತ್ತದೆ. ಬರೀ ಸಕ್ಕರೆ ಕಾಯಿಲೆ ಮತ್ತು ಹೊಟ್ಟೆಯ ಬೊಜ್ಜು ಇರುವವರ ಲಿವರನ್ನು ಯಾರೂ ನೋಡುವುದಿಲ್ಲ. ಗಡ್ಡೆ ಬೆಳೆದು ನೋವು ಕೊಟ್ಟಾಗ, ಇಲ್ಲವೇ ಪಿತ್ತಕಲ್ಲಿಗೋ ಕಿಡ್ನಿ ಕಲ್ಲಿಗೋ ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ ಕಾಣುತ್ತದೆ. ಅಂದರೆ ಇವರ ಲಿವರ್ ಎಷ್ಟೋ ಸಲ ವೈರಸ್ ರೋಗಿಗಳದ್ದಕ್ಕಿಂತ ಗಟ್ಟಿಮುಟ್ಟಾಗಿದ್ದರೂ ಗಡ್ಡೆ ದೊಡ್ಡದಾಗಿರುತ್ತದೆ. ಕೊಬ್ಬಿನ ಲಿವರಿನಿಂದ ಬರುವ ಕ್ಯಾನ್ಸರಿನಲ್ಲಿ ಸುಮಾರು ಮೂರನೇ ಒಂದು ಪಾಲು ಸಿರೋಸಿಸ್ ಆಗುವ ಮುಂಚೆಯೇ ಬರುತ್ತದೆ ಎಂಬುದೂ ಇದಕ್ಕೆ ಒಂದು ಕಾರಣ.

ವೈರಸ್ ನಿಜವಾಗಿಯೂ ಇಲ್ಲವೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಲ್ಯಾಬುಗಳಲ್ಲಿ ಹೆಪಟೈಟಿಸ್ ಬಿ ಇಲ್ಲ ಎಂದು ಹೇಳುವುದು ಸಾಮಾನ್ಯವಾಗಿ ಎಚ್‌ಬಿಎಸ್‌ಎಜಿ ಎಂಬ ಒಂದೇ ಪರೀಕ್ಷೆಯ ಮೇಲೆ. ಕೆಲವರಿಗೆ ಎಂದೋ ಬಂದು ಹೋದ ಬಿ ವೈರಸ್ ಲಿವರಿನ ಕಣಗಳೊಳಗೆ ಅಡಗಿ ಕುಳಿತಿರುತ್ತದೆ, ಆದರೂ ಈ ಪರೀಕ್ಷೆ ನೆಗೆಟಿವ್ ಬರುತ್ತದೆ. ಹಳೆಯ ಸೋಂಕಿನ ಗುರುತು ಕಾಣುವುದು ಆಂಟಿ ಎಚ್‌ಬಿಸಿ ಟೋಟಲ್ ಎಂಬ ಬೇರೆ ಪರೀಕ್ಷೆಯಲ್ಲಿ. ವೈರಸ್ ಇಲ್ಲ ಎಂದು ವರದಿ ಬಂದ ಲಿವರ್ ಕ್ಯಾನ್ಸರ್ ರೋಗಿಗಳು ಇದನ್ನು ಒಮ್ಮೆ ಮಾಡಿಸುವುದು ಒಳ್ಳೆಯದು. ಪಾಸಿಟಿವ್ ಬಂದರೆ ಗಾಬರಿಯಾಗಬೇಕಿಲ್ಲ. ಬೇಕೆನಿಸಿದರೆ ವೈದ್ಯರು ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಇದೆಯೇ ಎಂದು ನೋಡುತ್ತಾರೆ. ಇದ್ದರೆ ಅದಕ್ಕೆ ಮಾತ್ರೆ ಇದೆ, ಮತ್ತು ಬಿ ವೈರಸ್ ಇರುವ ರೋಗಿಗಳಲ್ಲಿ ಆ ಮಾತ್ರೆ ಕ್ಯಾನ್ಸರ್ ಮರುಕಳಿಸುವುದನ್ನು ಕಡಿಮೆ ಮಾಡುತ್ತದೆ.

ವೈರಸ್ ಪೂರ್ತಿ ಇಲ್ಲದವರಿಗೆ ಅಂಥ ಒಂದು ಮಾತ್ರೆ ಇಲ್ಲ. ಆಪರೇಷನ್ ಆದ ಮೇಲೆ ಕ್ಯಾನ್ಸರ್ ಬಾರದಂತೆ ತಡೆಯಲು ಸೊರಾಫೆನಿಬ್ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು, ಪ್ರಯೋಜನವಾಗಲಿಲ್ಲ. ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಹೊಸ ಔಷಧಿಗಳ ಜೋಡಿಯೊಂದು 2023ರಲ್ಲಿ ಮೊದಲಿಗೆ ಭರವಸೆ ಮೂಡಿಸಿತ್ತು. ಇನ್ನಷ್ಟು ದಿನ ಕಾದು ನೋಡಿದಾಗ ಆ ಲಾಭ ಕರಗಿಹೋಯಿತು. ಆದ್ದರಿಂದ "ಈ ದುಬಾರಿ ಇಂಜೆಕ್ಷನ್ ಹಾಕಿಸಿದರೆ ಮತ್ತೆ ಬರುವುದೇ ಇಲ್ಲ" ಎಂದು ಯಾರಾದರೂ ಖಾತ್ರಿ ಕೊಟ್ಟರೆ, ಮನೆಯ ಒಡವೆ ಅಡವಿಡುವ ಮುನ್ನ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ.

ನೆಲ ಹದವಾಗಿರುವುದು ಯಾವುದರಿಂದ

ತಡವಾಗಿ ಮರುಕಳಿಸುವುದಕ್ಕೆ ಮುಖ್ಯ ಕಾರಣ ಉಳಿದ ಲಿವರಿನ ಗಾಯದ ಕಲೆ. ಕೊಬ್ಬು ತುಂಬಿದ ಲಿವರ್ ವರ್ಷಗಟ್ಟಲೆ ಉರಿಯೂತದಲ್ಲಿ ಬೇಯುತ್ತದೆ, ಸತ್ತ ಕಣಗಳ ಜಾಗದಲ್ಲಿ ನಾರು ಕಟ್ಟುತ್ತದೆ, ಉಳಿದ ಕಣಗಳು ಆ ನಷ್ಟ ತುಂಬಲು ಮತ್ತೆ ಮತ್ತೆ ಒಡೆಯುತ್ತವೆ. ಹೀಗೆ ಒಡೆಯುವಾಗ ತಪ್ಪುಗಳು ಸೇರುತ್ತ ಹೋಗಿ ಒಂದು ಕಣ ದಾರಿ ತಪ್ಪುತ್ತದೆ. ನಾರು ಹೆಚ್ಚಿದಷ್ಟೂ ಅಪಾಯ ಹೆಚ್ಚು. ನಾರು ಅತಿಯಾಗಿ ಲಿವರ್ ಗಂಟುಗಂಟಾದ ಸ್ಥಿತಿಯೇ ಸಿರೋಸಿಸ್.

ಈ ನಾರು ಎಷ್ಟಿದೆ ಎಂದು ಅಂದಾಜು ಮಾಡಲು ದುಡ್ಡು ಖರ್ಚಿಲ್ಲದ ಒಂದು ಲೆಕ್ಕ ಇದೆ. ಅದರ ಹೆಸರು ಫಿಬ್-4. ನಿಮ್ಮ ಹಳೆಯ ರಕ್ತಪರೀಕ್ಷೆಯ ಚೀಟಿಗಳೇ ಸಾಕು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಇನ್ನೊಂದು ಕಡೆ, ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ಬರೆದು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉದಾಹರಣೆಗೆ 58 ವರ್ಷದ ಒಬ್ಬರ ಎಸ್‌ಜಿಒಟಿ 62, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.4 ಲಕ್ಷ ಅಂದುಕೊಳ್ಳಿ. 58ನ್ನು 62ರಿಂದ ಗುಣಿಸಿದರೆ 3596. 1.4 ಲಕ್ಷ ಎಂದರೆ 140 ಸಾವಿರ, 49ರ ವರ್ಗಮೂಲ 7, ಗುಣಿಸಿದರೆ 980. ಭಾಗಿಸಿದರೆ ಸುಮಾರು 3.67. ಇದು 1.3ಕ್ಕಿಂತ ಕಡಿಮೆ ಇದ್ದರೆ ಹೆಚ್ಚು ನಾರು ಇರುವ ಸಂಭವ ಕಡಿಮೆ, 2.67ಕ್ಕಿಂತ ಜಾಸ್ತಿ ಇದ್ದರೆ ಲಿವರ್ ತಜ್ಞರನ್ನು ಕಾಣಲೇಬೇಕು. 65 ದಾಟಿದವರಲ್ಲಿ ವಯಸ್ಸಿನಿಂದಲೇ ಅಂಕಿ ಏರುವುದರಿಂದ 1.3ರ ಬದಲು 2 ಎಂದು ಇಟ್ಟುಕೊಳ್ಳುತ್ತಾರೆ. ನಡುವೆ ಇರುವವರಿಗೆ ಫೈಬ್ರೋಸ್ಕ್ಯಾನ್ ಎಂಬ ನೋವಿಲ್ಲದ ಪರೀಕ್ಷೆ ಇದೆ. ಶಾಲೆಗೆ ಹೋಗುವ ಮಕ್ಕಳ ಕೈಗೆ ಫೋನು ಕೊಟ್ಟು ಮನೆಯ ಸಕ್ಕರೆ ಕಾಯಿಲೆಯವರೆಲ್ಲರ ಈ ಲೆಕ್ಕ ಹಾಕಿಸಿ, ಅವರಿಗೂ ವರ್ಗಮೂಲ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಗೊತ್ತಾಗಲಿ.

ನಾರಿನ ನಂತರ ಬರುವುದು ಸಕ್ಕರೆ ಕಾಯಿಲೆ. ಇದು ಲಿವರ್ ಕ್ಯಾನ್ಸರಿನ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಆಪರೇಷನ್ ಆದವರಲ್ಲಿಯೂ ಸಕ್ಕರೆ ಇರುವವರಿಗೆ ಮರುಕಳಿಸುವ ಸಂಭವ ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ರಕ್ತದಲ್ಲಿ ಇನ್ಸುಲಿನ್ ಸದಾ ಏರಿರುವುದು ಕಣಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತದೆ ಎಂಬುದು ಒಂದು ವಿವರಣೆ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಎಂಬ ವರದಿಗಳಿವೆ, ಆದರೆ ಸಕ್ಕರೆ ಇಲ್ಲದವರು ಕ್ಯಾನ್ಸರ್ ತಡೆಯಲೆಂದು ಅದನ್ನು ನುಂಗುವಷ್ಟು ಪುರಾವೆ ಇಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ನೋಡಲು ತೆಳ್ಳಗಿರುವ ನಮ್ಮವರಿಗೆ ಯಾಕೆ ಹೀಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೈಸೂರಿನ ಪಾಲು ದೊಡ್ಡದು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಎಂದರೆ ನಮ್ಮೆಲ್ಲರ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕ ಹಿಡಿದುಕೊಂಡು ಮೈಸೂರಿನ ಬೀದಿಗಳಲ್ಲಿ ಆ ಮಕ್ಕಳನ್ನು, ಆಗಲೇ ನಡುವಯಸ್ಸು ದಾಟಿದವರನ್ನು, ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗಿನ ಮೈಕಟ್ಟಿಗೂ ಮುಂದೆ ಬರುವ ಹೃದ್ರೋಗ, ಸಕ್ಕರೆ ಕಾಯಿಲೆಗಳಿಗೂ ನಂಟಿರುವುದು ಕಂಡಿತು. ಆಮೇಲೆ 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಂದ ಶುರುವಾದ ಇನ್ನೊಂದು ಅಧ್ಯಯನದಲ್ಲಿ, ಬಸುರಿಯಲ್ಲಿ ಸಕ್ಕರೆ ಇದ್ದ ತಾಯಂದಿರ ಮಕ್ಕಳಿಗೆ ಮೈಕೊಬ್ಬು ಹೆಚ್ಚು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದು ಕಡಿಮೆ ಎಂದು ತಿಳಿಯಿತು. ಈ ಅಧ್ಯಯನಗಳು ಲಿವರ್ ಕ್ಯಾನ್ಸರಿನ ಬಗ್ಗೆ ಅಲ್ಲ. ಆದರೆ ಕೊಬ್ಬಿನ ಲಿವರಿಗೆ ದಾರಿ ಎಷ್ಟು ಹಿಂದಿನಿಂದ ಶುರುವಾಗುತ್ತದೆ ಎಂಬುದನ್ನು ನಮ್ಮದೇ ಊರಿನ ಮನೆಗಳಿಂದ ತೋರಿಸಿಕೊಟ್ಟವು.

ತೂಕದ ಮಾತು ಬಂದಾಗ ನಮ್ಮವರಿಗೆ ಅಳತೆಯೇ ಬೇರೆ ಎಂಬುದು ನೆನಪಿರಲಿ. ಬಿಎಂಐ 23 ದಾಟಿದರೆ ಭಾರತೀಯರಿಗೆ ಅದು ಹೆಚ್ಚೇ. ಅದಕ್ಕಿಂತ ಸುಲಭ, ಅಳತೆಪಟ್ಟಿ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ನಮ್ಮ ಮನೆಗಳಲ್ಲಿ ಗಂಡಸರ ಶುಗರ್ ಆದರೂ ಯಾವಾಗಲೋ ಒಮ್ಮೆ ಪರೀಕ್ಷೆಯಾಗುತ್ತದೆ. ಹೆರಿಗೆಯಲ್ಲಿ ಸಕ್ಕರೆ ಇತ್ತೆಂದು ಹೇಳಿಸಿಕೊಂಡ ಹೆಂಗಸರು ಆಮೇಲೆ ಇಪ್ಪತ್ತು ವರ್ಷ ಅದರ ಕಡೆ ತಿರುಗಿ ನೋಡುವುದಿಲ್ಲ. ಮನೆಯವರು ನೋಡಿಸುವುದೂ ಇಲ್ಲ.

ಮದ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಬ್ಬಿನ ಲಿವರ್ ಇರುವವರಿಗೆ ಸ್ವಲ್ಪ ಮದ್ಯವೂ ಬೆಂಕಿಗೆ ತುಪ್ಪ. ನಮ್ಮಲ್ಲಿ ಅದು ಹರಾಂ ಎಂಬ ಕಾರಣಕ್ಕೇ ಯಾರಾದರೂ ಹಿಂದೆ ಕುಡಿದಿದ್ದರೆ ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ, ಅದರಲ್ಲೂ ಮಗನೋ ಹೆಂಡತಿಯೋ ಪಕ್ಕದಲ್ಲಿ ನಿಂತಿದ್ದರೆ. ಒಬ್ಬರೇ ಇರುವಾಗ ವೈದ್ಯರಿಗೆ ಹೇಳಿಬಿಡಿ. ಅವರು ತೀರ್ಪು ಕೊಡಲು ಕೂತಿಲ್ಲ, ಲೆಕ್ಕ ಸರಿಯಾಗಬೇಕೆಂದು ಕೇಳುತ್ತಾರೆ. ಬೀಡಿ ಸಿಗರೇಟಿನದ್ದು ಗುಟ್ಟೇನೂ ಅಲ್ಲ. ಅದೂ ಲಿವರ್ ಕ್ಯಾನ್ಸರಿಗೆ ಕಾರಣಗಳಲ್ಲಿ ಒಂದು, ಆಪರೇಷನ್ ಆದ ದಿನವೇ ಕೊನೆಯಾಗಬೇಕು.

ಬೂಷ್ಟು ಹಿಡಿದ ಶೇಂಗಾ, ಜೋಳಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವೂ ಲಿವರ್ ಕ್ಯಾನ್ಸರ್ ತರಬಲ್ಲದು. ಮೈಸೂರಿನ ಚೆಲುವಾಂಬ ಬಂಗಲೆಯಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1960ರ ದಶಕದಲ್ಲೇ ಶೇಂಗಾ ಹಿಂಡಿಯಿಂದ ಈ ವಿಷವನ್ನು ತೆಗೆಯುವ ಬಗ್ಗೆ ಕೆಲಸ ಮಾಡಿದ್ದರು. ಹುರಿದರೆ, ಬೇಯಿಸಿದರೆ ಇದು ಪೂರ್ತಿ ಹೋಗುವುದಿಲ್ಲ. ಕಹಿಯಾದ, ಸುಕ್ಕುಗಟ್ಟಿದ, ಹಸಿರು ಬೂಷ್ಟಿನ ಕಾಳನ್ನು ತೊಳೆದು ಚಟ್ನಿ ರುಬ್ಬುವ ಉಳಿತಾಯ ಬೇಡ, ಎಸೆದುಬಿಡಿ.

ಆಪರೇಷನ್ ಆದ ಮೇಲಿನ ದಿನಗಳು

ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್, ಎಎಫ್‌ಪಿ ರಕ್ತಪರೀಕ್ಷೆ. ಎಂವಿಐ ಇದ್ದವರಿಗೆ, ಗಡ್ಡೆ ದೊಡ್ಡದಿದ್ದವರಿಗೆ ಮೂರು ತಿಂಗಳಿಗೇ ಕರೆಯುತ್ತಾರೆ. ಆಮೇಲೆ ಆರು ತಿಂಗಳಿಗೊಮ್ಮೆ, ಅದೂ ಐದು ವರ್ಷಕ್ಕೆ ಮುಗಿಯುವುದಲ್ಲ. ನೆಲದ ಬೀಜದ ಮಾತು ನೆನಪಿಸಿಕೊಳ್ಳಿ. ಎಎಫ್‌ಪಿ ಮೊದಲು ಹೆಚ್ಚಿದ್ದವರಲ್ಲಿ ಆಪರೇಷನ್ ಆದ ಕೆಲವು ವಾರಗಳಲ್ಲಿ ಇಳಿದು ಸಹಜಕ್ಕೆ ಬರಬೇಕು. ಇಳಿಯದಿದ್ದರೆ ಎಲ್ಲೋ ಉಳಿದಿದೆ ಎಂದರ್ಥ. ಆದರೆ ವೈರಸ್ ಇಲ್ಲದ ಅನೇಕ ರೋಗಿಗಳಲ್ಲಿ ಎಎಫ್‌ಪಿ ಮೊದಲಿಂದಲೂ ಸಹಜವಾಗಿಯೇ ಇರುತ್ತದೆ. ಅಂಥವರು ಸ್ಕ್ಯಾನಿನ ಖರ್ಚು ಉಳಿಸಲು ಬರೀ ರಕ್ತಪರೀಕ್ಷೆ ಮಾಡಿಸಿ "ನಾರ್ಮಲ್ ಇದೆ" ಎಂದು ಸಮಾಧಾನಪಟ್ಟರೆ ಮೋಸಹೋಗುತ್ತಾರೆ.

ಮರುಕಳಿಸಿದರೆ ಬಹುತೇಕ ಲಿವರಿನಲ್ಲೇ ಕಾಣಿಸಿಕೊಳ್ಳುತ್ತದೆ, ಕೆಲವರಲ್ಲಿ ಶ್ವಾಸಕೋಶ, ಮೂಳೆಗಳಲ್ಲಿ. ಲಿವರಿನಲ್ಲಿ ಎರಡು ಮೂರು ಸೆಂಟಿಮೀಟರ್ ಇರುವಾಗ ಸಿಕ್ಕರೆ ಮತ್ತೆ ಕತ್ತರಿಸಬಹುದು, ಸೂಜಿ ಚುಚ್ಚಿ ಶಾಖದಿಂದ ಸುಡಬಹುದು. ಹೆಚ್ಚಿದ್ದರೆ ಗಡ್ಡೆಗೆ ಹೋಗುವ ರಕ್ತನಾಳದೊಳಗೆ ಔಷಧಿ ಬಿಟ್ಟು ಮುಚ್ಚುವ ಚಿಕಿತ್ಸೆ, ವಿಕಿರಣ, ಮಾತ್ರೆ, ಇಂಜೆಕ್ಷನ್ನುಗಳಿವೆ. ಒಂದೇ ಗಡ್ಡೆ 5 ಸೆಂ.ಮೀ. ಒಳಗೆ, ಅಥವಾ ಮೂರರವರೆಗೆ ಇದ್ದು ಪ್ರತಿಯೊಂದೂ 3 ಸೆಂ.ಮೀ. ಒಳಗೆ ಇದ್ದರೆ ಲಿವರ್ ಕಸಿಯನ್ನು ಪರಿಗಣಿಸಬಹುದು. 1996ರಲ್ಲಿ ಇಟಲಿಯ ಮಿಲಾನ್ ನಗರದ ವೈದ್ಯರು ಹಾಕಿಕೊಟ್ಟ ಅಳತೆ ಇದು. ಕಸಿಯಲ್ಲಿ ಕ್ಯಾನ್ಸರಿನ ಜೊತೆಗೆ ಹದಗೆಟ್ಟ ನೆಲವೂ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಮೃತರ ಅಂಗದಾನದ ಸರದಿ ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸಂಸ್ಥೆ.

ಊಟದ ವಿಷಯದಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಕ್ಯಾನ್ಸರ್ ಎಂದು ಹೆದರಿ ಮಾಂಸ, ಮೊಟ್ಟೆ, ಬೇಳೆ ಎಲ್ಲ ನಿಲ್ಲಿಸಿ ಗಂಜಿ ಕುಡಿಸುವುದು ಒಂದು. ಸ್ನಾಯು ಕರಗಿದವರಲ್ಲಿ ಫಲಿತಾಂಶ ಕೆಡುತ್ತದೆ. ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಚರ್ಮ ತೆಗೆದ ಕೋಳಿ, ಬೇಳೆ, ಮೊಸರು ಎಲ್ಲ ಆಗುತ್ತದೆ. ಇನ್ನೊಂದು ತಪ್ಪು ಅದರ ವಿರುದ್ಧದ್ದು: ನೋಡಲು ಬಂದ ನೆಂಟರೆಲ್ಲ ತಂಪು ಪಾನೀಯದ ಬಾಟಲಿ, ಹಣ್ಣಿನ ರಸದ ಡಬ್ಬಿ, ಮೈಸೂರು ಪಾಕು ತರುವುದು, "ಶಕ್ತಿ ಬರಲಿ" ಎಂದು ಬಿರಿಯಾನಿಯ ಎರಡನೇ ತಟ್ಟೆ ಬಡಿಸುವುದು. ಲಿವರಿಗೆ ಕೊಬ್ಬು ಕಟ್ಟುವುದರಲ್ಲಿ ಸಿಹಿ ಪಾನೀಯಕ್ಕೆ ದೊಡ್ಡ ಪಾಲಿದೆ. ಗಾಯ ಮಾಗಿ ಶಕ್ತಿ ಮರಳಿದ ಮೇಲೆ, ಬೊಜ್ಜು ಇರುವವರು ವೈದ್ಯರ ಸಲಹೆಯಲ್ಲಿ ನಿಧಾನಕ್ಕೆ ತೂಕದ ಶೇ. 7ರಿಂದ 10ರಷ್ಟು ಇಳಿಸಿದರೆ ಲಿವರಿನ ಉರಿಯೂತ ಇಳಿಯುತ್ತದೆ, ನಾರು ಸಹ ಕಡಿಮೆಯಾಗಬಲ್ಲದು. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಸಾಕು. ಕುಕ್ಕರಹಳ್ಳಿ ಕೆರೆ ದೂರವಾದರೆ ಫಜ್ರ್ ನಮಾಝಿನ ನಂತರ ನಿಮ್ಮ ಮೊಹಲ್ಲಾದ ಖಾಲಿ ರಸ್ತೆಯೇ ಆಯಿತು.

ಕಾಫಿ ಬಿಡಬೇಕೇ ಎಂದು ಅನೇಕರು ಕೇಳುತ್ತಾರೆ. ಬಿಡಬೇಕಿಲ್ಲ. ಯಮನ್‌ನಿಂದ ಬಾಬಾ ಬುಡನ್ ಅವರು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿ ನಮಗೆಲ್ಲ ಗೊತ್ತು. ಆ ಕಾಫಿ ಲಿವರಿಗೆ ಮಿತ್ರನೇ. ದಿನಾ ಎರಡು ಮೂರು ಲೋಟ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ಬಹಳ ಅಧ್ಯಯನಗಳು ಹೇಳಿವೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವೂ 2016ರಲ್ಲಿ ಇದನ್ನು ಗುರುತಿಸಿದೆ. ಆದರೆ ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕಿದರೆ ಆ ಲಾಭ ಅಲ್ಲೇ ತೀರಿತು.

ಸೊಪ್ಪು ಬೇರುಗಳ ಔಷಧಿ, "ಲಿವರ್ ಟಾನಿಕ್" ಇವುಗಳನ್ನು ವೈದ್ಯರಿಗೆ ಹೇಳದೆ ಶುರುಮಾಡಬೇಡಿ. ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಎಡೆಬಿಡದೆ ಕುಡಿದು ಲಿವರ್ ಕೆಟ್ಟವರ ವರದಿಗಳು ಮುಂಬಯಿಯಿಂದ ಬಂದಿದ್ದವು. ಸಿರೋಸಿಸ್ ಇರುವವರ ಪ್ಲೇಟ್‌ಲೆಟ್ ಕಡಿಮೆ ಇರುವುದರಿಂದ ಹಿಜಾಮಾ ಮಾಡಿಸಿಕೊಂಡರೆ ರಕ್ತ ನಿಲ್ಲದೆ ಹೋಗಬಹುದು, ಅದನ್ನೂ ಕೇಳಿಯೇ ಮಾಡಿಸಿ. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೊಡುವ ಡೈಕ್ಲೋಫಿನಾಕ್, ಬ್ರೂಫೆನ್ ಸಿರೋಸಿಸ್ ಇದ್ದವರಿಗೆ ಆಗದು. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರದಂತೆ ಆಗಬಹುದು. ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಹೊಟ್ಟೆ ಊದಿದರೆ, ಮಾತು ತೊದಲಿ ಮಂಕಾದರೆ ಅಪಾಯಿಂಟ್‌ಮೆಂಟಿನ ದಿನ ಬರಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.

ರಂಝಾನ್ ಬಂದಾಗ ಏನು ಮಾಡಬೇಕು? ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಉಪವಾಸ ಬೇಡ, ಲಿವರ್ ಬೆಳೆಯುತ್ತಿರುವ ಕಾಲ ಅದು. ಹೊಟ್ಟೆಯಲ್ಲಿ ನೀರು ತುಂಬಿದ, ಕಾಮಾಲೆ ಇರುವ, ಮಂಕು ಕವಿದದ್ದುಂಟಾದ ಸಿರೋಸಿಸ್ ರೋಗಿಗಳು ಉಪವಾಸ ಹಿಡಿಯಬಾರದು. ಲಿವರ್ ಗಟ್ಟಿಯಾದವರ ದೇಹ ಹತ್ತು ಹನ್ನೆರಡು ಗಂಟೆ ಖಾಲಿ ಹೊಟ್ಟೆಯಲ್ಲಿದ್ದರೆ ತನ್ನ ಸ್ನಾಯುವನ್ನೇ ಕರಗಿಸಿ ತಿನ್ನತೊಡಗುತ್ತದೆ. ಅವರಿಗೆ ರಾತ್ರಿ ಮಲಗುವ ಮುನ್ನವೂ ಏನಾದರೂ ತಿನ್ನಿ ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ. ಸಿರೋಸಿಸ್ ಇಲ್ಲದೆ, ಸಕ್ಕರೆ ಹಿಡಿತದಲ್ಲಿದ್ದು, ಆಪರೇಷನ್ ಆಗಿ ಸಾಕಷ್ಟು ಕಾಲ ಕಳೆದವರು ರಂಝಾನಿಗೆ ಒಂದೆರಡು ತಿಂಗಳು ಮುಂಚೆಯೇ ವೈದ್ಯರನ್ನು ಕಂಡು ಮಾತ್ರೆ, ಇನ್ಸುಲಿನ್ ಹೊತ್ತು ಬದಲಿಸಿಕೊಂಡು ಹಿಡಿಯಬಹುದು. ರೋಗಿಗೆ ಕುರ್‌ಆನ್ ತಾನೇ ರಿಯಾಯಿತಿ ಕೊಟ್ಟಿರುವಾಗ ಹಿರಿಯರು ಹಟ ಹಿಡಿದರೆ ಮಕ್ಕಳ ಮಾತಿಗಿಂತ ಮೊಹಲ್ಲಾದ ಇಮಾಮರ ಮಾತು ನಡೆಯುತ್ತದೆ. ವೈದ್ಯರು ಹೇಳಿದ್ದನ್ನು ಅವರಿಗೆ ತಿಳಿಸಿ, ಫಿದ್ಯಾದ ವಿಚಾರವನ್ನೂ ಅವರಲ್ಲೇ ಕೇಳಿ.

ಇನ್ನು ಖರ್ಚು. ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯಿಂದ ಶುರುಮಾಡಿ ವಿಚಾರಿಸಿ. ಬೆಂಗಳೂರಿನಲ್ಲಿ 1973ರಿಂದ ಇರುವ, ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಸರ್ಕಾರದ್ದೇ ಕ್ಯಾನ್ಸರ್ ಆಸ್ಪತ್ರೆ. ಎಲ್ಲಿಗೆ ಹೋದರೂ ಒಂದೇ ಫೈಲು ಇಟ್ಟುಕೊಳ್ಳಿ: ಆಪರೇಷನ್ ಟಿಪ್ಪಣಿ, ಬಯಾಪ್ಸಿ ವರದಿ, ಎಲ್ಲ ಸ್ಕ್ಯಾನುಗಳ ಸಿ.ಡಿ., ತಾರೀಖಿನ ಪ್ರಕಾರ ಎಎಫ್‌ಪಿ, ಎಚ್‌ಬಿಎ1ಸಿ, ಪ್ಲೇಟ್‌ಲೆಟ್ ಅಂಕಿಗಳು. ಹೊಸ ಸ್ಕ್ಯಾನಿನಲ್ಲಿ ಒಂದು ಸಣ್ಣ ಚುಕ್ಕೆ ಕಂಡಾಗ ಅದು ಹಳೆಯದೋ ಹೊಸದೋ ಎಂದು ಹೇಳಬೇಕಾದರೆ ರೇಡಿಯಾಲಜಿ ವೈದ್ಯರಿಗೆ ಬೇಕಾಗುವುದು ಬರೀ ರಿಪೋರ್ಟಿನ ಹಾಳೆಯಲ್ಲ, ಆ ಹಳೆಯ ಸಿ.ಡಿ.